ಹಳೆ ಸೀರೆಗೆ ಜಡೆ ಹೆಣೆದರೆ ಮನೆಗೊಂದು ಹಾಸು

ಮುಂಬಯಿ: ಹಳೆ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ಪಡೆಯುವುದು ಈ ಮಹಾನಗರದ ಮನೆಗಳ ಹಳೆಯ ರೂಢಿ. ಭಾಂಡಿವಾಲಿಯ ಬುಟ್ಟಿಗೆ ಪ್ಯಾಂಟು, ಶರ್ಟುಗಳು ಸುಲಭವಾಗಿ ಬೀಳುತ್ತವೆ. ಆದರೆ ಅಮ್ಮ ಉಟ್ಟ ಕಾಟನ್ ಸೀರೆ ಕೊಡಲು ಮನಸ್ಸು ಬಾರದು. ಇಟ್ಟುಕೊಳ್ಳೋಣವೆಂದರೆ ಪುಟ್ಟ ಮನೆಯಲ್ಲಿ ಜಾಗವಿಲ್ಲ. ಇಂತಹ ಸೀರೆಗಳನ್ನು ಜಡೆಯಂತೆ ಹೆಣೆದು ಹಾಸು ಮಾಡಿಕೊಳ್ಳುವುದು ಒಳ್ಳೆಯ ಉಪಾಯ.

ಹಳೆ ಬಟ್ಟೆಗೆ ಮರುಜೀವ ಕೊಡುವುದು ಕನ್ನಡಿಗರಿಗೆ ಹೊಸತೇನಲ್ಲ. ಉತ್ತರ ಕರ್ನಾಟಕದ ಕೌದಿ ಹುಟ್ಟುವುದೇ ಮನೆಮಂದಿಯ ಹಳೆ ಸೀರೆ, ಧೋತರಗಳಿಂದ. ಮಹಾರಾಷ್ಟ್ರದ ಗೋಧಡಿ ಅದರ ಸೋದರಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು ವಿದೇಶದ ಪ್ರದರ್ಶನಗಳನ್ನೂ ಕಂಡಿವೆ. ಕೌದಿಗೆ ಬಹಳ ದಿನಗಳ ಹೊಲಿಗೆ ಬೇಕು; ಸಣ್ಣ ಜಡೆಹಾಸಿಗೆ ಬಿಡುವಿನ ಕೆಲವು ಸಂಜೆಗಳು ಸಾಕು.

ಮಾಡುವ ಬಗೆ

ಮೊದಲು ಸೀರೆಗಳನ್ನು ಒಗೆದು ಒಣಗಿಸಬೇಕು. ಕುಗ್ಗುವುದಿದ್ದರೆ, ಬಣ್ಣ ಬಿಡುವುದಿದ್ದರೆ ಆಗಲೇ ಗೊತ್ತಾಗುತ್ತದೆ. ಬೆರಳಿಂದ ಎಳೆದಾಗಲೇ ಹರಿಯುವಷ್ಟು ಜೀರ್ಣವಾದ ಬಟ್ಟೆ ಬೇಡ. ಕಾಟನ್ ಜತೆ ಸಿಂಥೆಟಿಕ್ ಬೆರೆಸದಿರುವುದು ಲೇಸು. ಜರಿಯಂಚು ಕಾಲಿಗೆ ಚುಚ್ಚುವುದರಿಂದ ಅದನ್ನು ಕತ್ತರಿಸಿ ತೆಗೆಯಬೇಕು.

ಸೀರೆಯನ್ನು ಉದ್ದಕ್ಕೆ ನಾಲ್ಕು ಇಂಚು ಅಗಲದ ಪಟ್ಟಿಗಳಾಗಿ ಹರಿದು, ಮೂರು ಪಟ್ಟಿಗಳನ್ನು ಕೂದಲ ಜಡೆಯಂತೆ ಹೆಣೆಯಬೇಕು. ಮೂರರ ಉದ್ದವೂ ಬೇರೆ ಬೇರೆ ಇದ್ದರೆ ಜೋಡಣೆಗಳು ಒಂದೇ ಕಡೆ ಬಂದು ಗಂಟಾಗುವುದಿಲ್ಲ. ನಂತರ ಜಡೆಯನ್ನು ಮೇಜಿನ ಮೇಲೆ ಸಮತಟ್ಟಾಗಿ ಸುತ್ತುತ್ತಾ, ಸುತ್ತಿನಿಂದ ಸುತ್ತಿಗೆ ದಪ್ಪ ನೂಲಿನಲ್ಲಿ ಹೊಲಿಯಬೇಕು. ಬಿಗಿಯಾಗಿ ಎಳೆದರೆ ಹಾಸು ಬಟ್ಟಲಿನಂತೆ ಎದ್ದು ನಿಲ್ಲುತ್ತದೆ, ಸಡಿಲ ಬಿಟ್ಟರೆ ಅಂಚು ಅಲೆಯಾಗುತ್ತದೆ. ಮೊಟ್ಟೆಯಾಕಾರದ ಹಾಸು ಬೇಕಿದ್ದರೆ ಲೆಕ್ಕ ಸರಳ. ಬೇಕಾದ ಉದ್ದದಲ್ಲಿ ಅಗಲವನ್ನು ಕಳೆದರೆ ಉಳಿಯುವುದೇ ನಡುವಿನ ಮೊದಲ ಜಡೆಯ ಅಳತೆ. 24 ಇಂಚು ಉದ್ದ, 18 ಇಂಚು ಅಗಲದ ಹಾಸಿಗೆ ಅದು 6 ಇಂಚು.

ಅಮ್ಮನ ಸೀರೆಯನ್ನು ಕಾಲಡಿ ಹಾಕುವುದೇ ಎಂಬ ಅಳುಕು ಅನೇಕರಿಗಿದೆ. ಅದು ಸಹಜವೇ. ಅಂತಹವರು ದುಂಡಗೆ ಸುತ್ತಿ ಊಟಕ್ಕೆ, ಭಜನೆಗೆ ಕುಳಿತುಕೊಳ್ಳುವ ಆಸನ ಮಾಡಬಹುದು. ಬಾಗಿಲಿನ ಕಾಲೊರಸಿಗೆ ಹಳೆ ಬೆಡ್‌ಶೀಟ್, ಲುಂಗಿಗಳಿವೆ.

ಜೋಪಾನ ಹೀಗಿರಲಿ

ನುಣುಪಾದ ಟೈಲ್ಸ್ ಮೇಲೆ ಬರಿದೇ ಹಾಸಿದರೆ ಹಾಸು ಜಾರುತ್ತದೆ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳಲು ಅಷ್ಟೇ ಸಾಕು. ಆದ್ದರಿಂದ ಅಡಿಗೆ ಜಾರದಂತಹ ರಬ್ಬರ್ ಜಾಲರಿ ಇರಲೇಬೇಕು. ಎದ್ದ ಅಂಚನ್ನೂ ಹಾಗೇ ಬಿಡಬಾರದು.

ಆಗಾಗ ಧೂಳು ಕೊಡವಿ ಮಗುಚಿ ಹಾಕಿದರೆ ಎರಡೂ ಬದಿ ಸಮನಾಗಿ ಸವೆಯುತ್ತವೆ. ಒಗೆಯುವಾಗ ತಣ್ಣೀರು, ಮೆದು ಸಾಬೂನು ಬಳಸಿ ನೀರನ್ನು ಒತ್ತಿ ತೆಗೆಯಬೇಕು. ಹಿಂಡಿದರೆ ಆಕಾರ ಕೆಡುತ್ತದೆ. ತಂತಿಯಲ್ಲಿ ನೇತುಹಾಕಿದರೆ ಒದ್ದೆ ಭಾರಕ್ಕೆ ಜಗ್ಗುವುದರಿಂದ ನೆರಳಲ್ಲಿ ಚಪ್ಪಟೆಯಾಗಿ ಒಣಗಿಸುವುದೇ ಸರಿ. ಮುಂಬಯಿಯ ಮಳೆಗಾಲದಲ್ಲಿ ದಪ್ಪ ಹಾಸು ಬೇಗ ಒಣಗದೆ ಬೂಷ್ಟು ಹಿಡಿಯುತ್ತದೆ. ಮಳೆಗೆ ಮೊದಲೇ ಒಗೆದು, ಪೂರ್ತಿ ಒಣಗಿಸಿ ಎತ್ತಿಟ್ಟರೆ ಚೆನ್ನ. ಹೊಲಿಗೆ ಬಿಟ್ಟ ದಿನವೇ ಎರಡು ಹೊಲಿಗೆ ಹಾಕಿದರೆ ಇಡೀ ಹಾಸು ಉಳಿಯುತ್ತದೆ.

ಕೌದಿ ಹೊಲಿದ ಕೈಗಳು ನಮ್ಮ ಸಂಘಗಳಲ್ಲಿ ಇನ್ನೂ ಇವೆ. ಮಹಿಳಾ ವಿಭಾಗಗಳು ಒಂದು ಭಾನುವಾರ ಆ ಹಿರಿಯರನ್ನು ಕೂರಿಸಿ, ಮಕ್ಕಳ ಕೈಗೆ ಮೂರು ಪಟ್ಟಿ ಕೊಟ್ಟರೆ ಸೀರೆಯೊಂದಿಗೆ ವಿದ್ಯೆಯೂ ಉಳಿದೀತು.