ವ್ಯವಹಾರದ ಉದ್ದೇಶಕ್ಕಾಗಿ ಅಲ್ಪಾವಧಿ ವಿದೇಶ ಪ್ರಯಾಣ: ಸೂಕ್ತ ವೀಸಾ ಪಡೆಯುವ ಕುರಿತು ಮಾಹಿತಿ

(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಬೆಳೆಗಾರರು, ವರ್ತಕರು ಹಾಗೂ ಸಹಕಾರ ಸಂಘಗಳ ಪ್ರತಿನಿಧಿಗಳ ತಿಳುವಳಿಕೆಗಾಗಿ)

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಬೆಳೆಯುವ ಅಡಿಕೆಗೆ 2019ರಲ್ಲಿ 'ಸಿರ್ಸಿ ಸುಪಾರಿ' ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿರುತ್ತದೆ. ಅಡಿಕೆಯೊಂದಿಗೆ ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ ಮುಂತಾದ ಸಾಂಬಾರ ಪದಾರ್ಥಗಳೂ ಈ ಭಾಗದ ತೋಟಗಳ ಉತ್ಪನ್ನಗಳಾಗಿವೆ. ಇವುಗಳಿಗೆ ಹೊರದೇಶದಲ್ಲಿ ಖರೀದಿದಾರರನ್ನು ಹುಡುಕಲು, ವಾಣಿಜ್ಯ ಮೇಳಗಳಲ್ಲಿ ಭಾಗವಹಿಸಲು ಅಥವಾ ಸಂಸ್ಕರಣಾ ಯಂತ್ರಗಳನ್ನು ನೋಡಿ ಬರಲು ಒಂದೆರಡು ವಾರಗಳ ಮಟ್ಟಿಗೆ ವಿದೇಶಕ್ಕೆ ತೆರಳಬಯಸುವ ನಾಗರಿಕರಿಗೆ ಅನುಕೂಲವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

ಮೊದಲಿಗೇ ಸ್ಪಷ್ಟಪಡಿಸಬೇಕಾದ ಅಂಶವೆಂದರೆ, ವಿದೇಶಗಳ ವೀಸಾವನ್ನು ರಾಜ್ಯ ಸರ್ಕಾರವಾಗಲಿ ಕೇಂದ್ರ ಸರ್ಕಾರವಾಗಲಿ ನೀಡುವುದಿಲ್ಲ. ಪಾಸ್‌ಪೋರ್ಟ್ ನೀಡುವುದು ಭಾರತ ಸರ್ಕಾರದ ವಿದೇಶಾಂಗ ವ್ಯವಹಾರಗಳ ಸಚಿವಾಲಯ. ವೀಸಾ ನೀಡುವುದು ತಾವು ಹೋಗಲಿರುವ ದೇಶದ ರಾಯಭಾರ ಕಚೇರಿ. ಅರ್ಜಿಗಳನ್ನು ಸ್ವೀಕರಿಸುವ ಖಾಸಗಿ ಕೇಂದ್ರಗಳಿಗೆ ವೀಸಾ ಮಂಜೂರು ಮಾಡುವ ಅಥವಾ ನಿರಾಕರಿಸುವ ಅಧಿಕಾರವಿರುವುದಿಲ್ಲ.

2. ಯಾವ ವರ್ಗದ ವೀಸಾ ಸೂಕ್ತ?

ಯಾವ ವೀಸಾ ಬೇಗ ದೊರೆಯುತ್ತದೆ ಎಂಬುದನ್ನು ನೋಡಿ ಅರ್ಜಿ ಸಲ್ಲಿಸುವುದು ಸರಿಯಲ್ಲ. ಆ ದೇಶದಲ್ಲಿ ತಾವು ಮಾಡಲಿರುವ ಕೆಲಸ ಯಾವುದು ಎಂಬುದೇ ವೀಸಾದ ವರ್ಗವನ್ನು ನಿರ್ಧರಿಸುತ್ತದೆ. ಅರ್ಜಿದಾರರು ಈ ಕೆಳಗಿನ ವ್ಯತ್ಯಾಸವನ್ನು ಗಮನಿಸತಕ್ಕದ್ದು.

(ಅ) ಸ್ಥಳ ವೀಕ್ಷಣೆ, ಬಂಧುಗಳ ಭೇಟಿ: ಪ್ರವಾಸಿ ಅಥವಾ ಭೇಟಿ ವೀಸಾ.

(ಆ) ಖರೀದಿದಾರರೊಂದಿಗೆ ಮಾತುಕತೆ, ಮೇಳದಲ್ಲಿ ಭಾಗವಹಿಸುವಿಕೆ, ಒಪ್ಪಂದಕ್ಕೆ ಸಹಿ, ಕಾರ್ಖಾನೆಯ ವೀಕ್ಷಣೆ: ವ್ಯವಹಾರ ವೀಸಾ, ಅಥವಾ ವ್ಯವಹಾರದ ಉದ್ದೇಶವನ್ನು ಒಳಗೊಂಡ ಅಲ್ಪಾವಧಿ ವೀಸಾ.

(ಇ) ಅಲ್ಲಿಯ ಸಂಸ್ಥೆಯಿಂದ ಸಂಬಳ ಅಥವಾ ಕೂಲಿ ಪಡೆದು ದುಡಿಯುವುದು: ಉದ್ಯೋಗ ವೀಸಾ. ವ್ಯವಹಾರ ವೀಸಾದ ಮೇಲೆ ಇದಕ್ಕೆ ಅವಕಾಶವಿಲ್ಲ.

ಮೇಳದ ಮಳಿಗೆಯಲ್ಲಿ ಮಾಲನ್ನು ಪ್ರದರ್ಶಿಸುವುದು ಬೇರೆ, ಅದನ್ನು ಅಲ್ಲಿಯೇ ಹಣ ಪಡೆದು ಮಾರುವುದು ಬೇರೆ. ಉದಾಹರಣೆಗೆ ಬ್ರಿಟನ್ನಿನ ಸಂದರ್ಶಕ ವೀಸಾ ಹೊಂದಿದವರು ವಾಣಿಜ್ಯ ಮೇಳದಲ್ಲಿ ಪ್ರಚಾರಕಾರ್ಯ ಮಾಡಬಹುದು. ಆದರೆ ಅಲ್ಲಿ ನೇರ ಮಾರಾಟ ಮಾಡುವಂತಿಲ್ಲ. ಆದುದರಿಂದ ಮೇಳಕ್ಕೆ ಹೋಗುವವರು ಮಾರಾಟಕ್ಕೆಂದು ಮಾಲನ್ನು ಜೊತೆಯಲ್ಲಿ ಕೊಂಡೊಯ್ಯಬಾರದು.

ಪ್ರವಾಸಿ ಎಂದು ಬರೆದು ವ್ಯವಹಾರಕ್ಕೆ ಹೋದವರು ವಿಮಾನ ನಿಲ್ದಾಣದಲ್ಲಿಯೇ ಹಿಂದಕ್ಕೆ ಕಳುಹಿಸಲ್ಪಡುವ ಸಾಧ್ಯತೆಯಿರುತ್ತದೆ. ಚೀಲದಲ್ಲಿರುವ ದರಪಟ್ಟಿ, ಮೇಳದ ಪ್ರವೇಶಪತ್ರ, ದೂರವಾಣಿಯಲ್ಲಿರುವ ಸಂದೇಶಗಳು ನಿಜವಾದ ಉದ್ದೇಶವನ್ನು ತಿಳಿಸಿಬಿಡುತ್ತವೆ.

3. ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಇಲ್ಲದವರು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಮಯ ಕಾಯ್ದಿರಿಸಿಕೊಳ್ಳಬಹುದು. ವಯಸ್ಕರಿಗೆ 36 ಪುಟಗಳ ಪಾಸ್‌ಪೋರ್ಟಿನ ಶುಲ್ಕ ರೂ. 1,500, 60 ಪುಟಗಳದ್ದಕ್ಕೆ ರೂ. 2,000. ತತ್ಕಾಲ್ ಯೋಜನೆಯಲ್ಲಿ ಹೆಚ್ಚುವರಿ ರೂ. 2,000 ಪಾವತಿಸಬೇಕಾಗುತ್ತದೆ. ವಿಚಾರಣೆಗೆ ಉಚಿತ ದೂರವಾಣಿ: 1800-258-1800.

ಈಗಾಗಲೇ ಪಾಸ್‌ಪೋರ್ಟ್ ಹೊಂದಿರುವವರು ಮೂರು ಅಂಶಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು.

(ಅ) ಅವಧಿ: ಅನೇಕ ದೇಶಗಳು ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ.

(ಆ) ಹೆಸರು: ನಮ್ಮ ಭಾಗದಲ್ಲಿ ಪಹಣಿಯಲ್ಲಿ ಒಂದು ರೀತಿ, ಬ್ಯಾಂಕ್ ಖಾತೆಯಲ್ಲಿ ಇನ್ನೊಂದು ರೀತಿ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ರೀತಿ ಹೆಸರಿರುವುದು ಸಾಮಾನ್ಯ. 'ಹೆಗಡೆ' ಎಂಬ ಒಂದೇ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುವ ರೂಢಿಯಿದೆ. ಇಂತಹ ವ್ಯತ್ಯಾಸವಿದ್ದಲ್ಲಿ ಎರಡೂ ಹೆಸರುಗಳು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯವರ ಸಮ್ಮುಖದಲ್ಲಿ ಮಾಡಿಸಿ ಲಗತ್ತಿಸುವುದು ಒಳಿತು. ಅಡ್ಡಹೆಸರಿನ ಸ್ಥಳ ಖಾಲಿಯಿರುವ ಪಾಸ್‌ಪೋರ್ಟಿನವರು ವಿಶೇಷ ಎಚ್ಚರ ವಹಿಸಬೇಕು. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಹೊಂದಿದ ಭೇಟಿಗಾರರ ಬಗ್ಗೆ ನಿರ್ಬಂಧ ವಿಧಿಸಿರುತ್ತದೆ.

(ಇ) 'ವಲಸೆ ಅನುಮತಿ ಅಗತ್ಯ' ಎಂಬ ನಮೂದು: ಹತ್ತನೆಯ ತರಗತಿ ತೇರ್ಗಡೆಯಾಗದ ಹಿರಿಯ ಬೆಳೆಗಾರರ ಪಾಸ್‌ಪೋರ್ಟಿನಲ್ಲಿ ಇದು ಇರಬಹುದು. ಈ ಅನುಮತಿಯು ನಿರ್ದಿಷ್ಟ ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವವರಿಗೆ ಸಂಬಂಧಿಸಿದ್ದು. ವ್ಯವಹಾರದ ಭೇಟಿಗೆ ಅದರ ಅಗತ್ಯವಿಲ್ಲ. ವೀಸಾ ಹಾಗೂ ಹಿಂದಿರುಗುವ ಟಿಕೆಟನ್ನು ಕೈಯಲ್ಲಿಟ್ಟುಕೊಂಡಿರತಕ್ಕದ್ದು.

4. ಕೃಷಿ ಆದಾಯವುಳ್ಳವರು ಸಲ್ಲಿಸಬೇಕಾದ ದಾಖಲೆಗಳು

ಈ ಮೂರು ತಾಲ್ಲೂಕುಗಳ ಅರ್ಜಿದಾರರಿಗೆ ಹೆಚ್ಚಿನ ತೊಡಕು ಉಂಟಾಗುವುದು ಇಲ್ಲಿಯೇ. ವೀಸಾ ಅಧಿಕಾರಿಯು ಎರಡು ವಿಷಯಗಳನ್ನು ತಿಳಿಯಬಯಸುತ್ತಾರೆ: ಅರ್ಜಿದಾರರು ಖರ್ಚನ್ನು ಭರಿಸಬಲ್ಲರೇ, ಕೆಲಸ ಮುಗಿಸಿ ಊರಿಗೆ ಮರಳುವರೇ? ಸಂಬಳದಾರರು ಸಂಬಳದ ಚೀಟಿ ಮತ್ತು ಆದಾಯ ತೆರಿಗೆ ವಿವರಪತ್ರದಿಂದ ಇದನ್ನು ತೋರಿಸುತ್ತಾರೆ. ತೋಟಿಗರ ಆದಾಯವು ಕೃಷಿ ಆದಾಯವಾದ್ದರಿಂದ ತೆರಿಗೆಯಿಂದ ವಿನಾಯಿತಿ ಪಡೆದಿದ್ದು, ಅನೇಕರು ವಿವರಪತ್ರವನ್ನೇ ಸಲ್ಲಿಸಿರುವುದಿಲ್ಲ. ವರ್ಷದ ಹುಟ್ಟುವಳಿಯ ಹಣ ಸಹಕಾರ ಸಂಘದ ಖಾತೆಯಲ್ಲಿದ್ದು, ಬ್ಯಾಂಕಿನ ಖಾತೆಯಲ್ಲಿ ಅಲ್ಪ ಮೊತ್ತ ಮಾತ್ರ ಇರುತ್ತದೆ. ಹೀಗಾಗಿ ಸ್ಥಿತಿವಂತ ಬೆಳೆಗಾರರೂ ಕಾಗದದಲ್ಲಿ ಆದಾಯವಿಲ್ಲದವರಂತೆ ಕಾಣುತ್ತಾರೆ.

ಆದುದರಿಂದ ಈ ಕೆಳಕಂಡ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವುದು:

* ಇತ್ತೀಚಿನ ಪಹಣಿ ಪತ್ರಿಕೆ ಹಾಗೂ ಅದರ ಇಂಗ್ಲಿಷ್ ಅನುವಾದ. ಜಮೀನು ಜಂಟಿಯಾಗಿದ್ದಲ್ಲಿ ಅರ್ಜಿದಾರರ ಪಾಲಿನ ವಿವರ.
* ಸಹಕಾರ ಸಂಘದಲ್ಲಿ ವಿಕ್ರಿಯಾದ ಅಡಿಕೆ, ಮೆಣಸಿನ ಪಟ್ಟಿಗಳು ಮತ್ತು ಕಳೆದ ಮೂರು ವರ್ಷಗಳ ಖಾತೆ ವಿವರ. ರಾಶಿ, ಚಾಲಿ, ಬೆಟ್ಟೆ ಎಂಬ ಹೆಸರುಗಳು ಹೊರಗಿನವರಿಗೆ ತಿಳಿಯುವುದಿಲ್ಲವಾದ್ದರಿಂದ, ಇವು ಅಡಿಕೆಯ ವರ್ಗಗಳೆಂದು ಅನುವಾದದಲ್ಲಿ ವಿವರಿಸುವುದು.
* ಸಂಘದಿಂದ ಇಂಗ್ಲಿಷಿನಲ್ಲಿ ಪಡೆದ, ಸದಸ್ಯತ್ವ ಹಾಗೂ ವಾರ್ಷಿಕ ವಹಿವಾಟಿನ ದೃಢೀಕರಣ ಪತ್ರ.
* ಆರು ತಿಂಗಳ ಬ್ಯಾಂಕ್ ವಿವರಪಟ್ಟಿ. ಅರ್ಜಿಗೆ ಮುನ್ನ ಒಮ್ಮೆಲೇ ದೊಡ್ಡ ಮೊತ್ತ ಜಮಾ ಆಗಿದ್ದಲ್ಲಿ ಅದರ ಮೂಲವನ್ನು ತೋರಿಸುವ ಪಟ್ಟಿ.
* ಸಲ್ಲಿಸಿದ್ದಲ್ಲಿ ಆದಾಯ ತೆರಿಗೆ ವಿವರಪತ್ರ. ವಿನಾಯಿತಿ ಪಡೆದ ಕೃಷಿ ಆದಾಯವನ್ನೂ ಅದರಲ್ಲಿ ಕಾಣಿಸಲು ಅವಕಾಶವಿದೆ. ತೆರಿಗೆ ಬಾರದಿದ್ದರೂ ಪ್ರತಿ ವರ್ಷ ವಿವರಪತ್ರ ಸಲ್ಲಿಸುವ ರೂಢಿಯು ಮುಂದೆ ಉಪಯೋಗಕ್ಕೆ ಬರುತ್ತದೆ.
* ರಫ್ತು ಮಾಡುವವರಾಗಿದ್ದಲ್ಲಿ ಆಮದು-ರಫ್ತು ಸಂಕೇತ ಸಂಖ್ಯೆಯ ಪ್ರಮಾಣಪತ್ರ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಇದನ್ನು ಪ್ಯಾನ್ ಸಂಖ್ಯೆಯ ಆಧಾರದ ಮೇಲೆ ರೂ. 500 ಶುಲ್ಕಕ್ಕೆ ನೀಡುತ್ತದೆ. ಬದಲಾವಣೆ ಇಲ್ಲದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಇದನ್ನು ದೃಢೀಕರಿಸತಕ್ಕದ್ದು. ತಪ್ಪಿದಲ್ಲಿ ಸಂಖ್ಯೆ ನಿಷ್ಕ್ರಿಯಗೊಳ್ಳುತ್ತದೆ.

5. ಆಹ್ವಾನ ಪತ್ರ

ವಿದೇಶದ ಸಂಸ್ಥೆಯ ಆಹ್ವಾನ ಪತ್ರದಲ್ಲಿ ಸಂಸ್ಥೆಯ ಪೂರ್ಣ ವಿಳಾಸ, ಅರ್ಜಿದಾರರ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ, ಭೇಟಿಯ ಉದ್ದೇಶ, ದಿನಾಂಕಗಳು ಹಾಗೂ ಖರ್ಚನ್ನು ಯಾರು ಭರಿಸುವರೆಂಬ ವಿವರ ಇರತಕ್ಕದ್ದು. ಮೇಳಕ್ಕಾದರೆ ನೋಂದಣಿಯ ದೃಢೀಕರಣವನ್ನು ಲಗತ್ತಿಸುವುದು. ಇದರೊಂದಿಗೆ ಅರ್ಜಿದಾರರು ಅಥವಾ ಅವರನ್ನು ಕಳುಹಿಸುವ ಸಂಘವು ಒಂದು ಪುಟದ ಪತ್ರ ಬರೆದು, ಹೋಗುವ ಕಾರಣ ಮತ್ತು ಹಿಂದಿರುಗುವ ದಿನವನ್ನು ಸರಳವಾಗಿ ತಿಳಿಸತಕ್ಕದ್ದು. ಅರ್ಜಿ, ಆಹ್ವಾನ ಪತ್ರ, ಟಿಕೆಟು, ವಸತಿ ಕಾಯ್ದಿರಿಸುವಿಕೆ ಇವೆಲ್ಲವುಗಳಲ್ಲಿ ದಿನಾಂಕಗಳು ಪರಸ್ಪರ ತಾಳೆಯಾಗಬೇಕು.

6. ಕೆಲವು ದೇಶಗಳ ನಿಯಮಗಳು

ಯುರೋಪಿನ ಷೆಂಗೆನ್ ದೇಶಗಳು: ಜರ್ಮನಿ, ಫ್ರಾನ್ಸ್, ಇಟಲಿ ಸೇರಿ 29 ದೇಶಗಳಿಗೆ ಒಂದೇ ಅಲ್ಪಾವಧಿ ವೀಸಾ ಸಾಕು. ಯಾವುದೇ 180 ದಿನಗಳಲ್ಲಿ 90 ದಿನ ಮೀರದಂತೆ ಇರಬಹುದು. ಒಳಹೋದ ದಿನ ಮತ್ತು ಹೊರಬಂದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಮುಖ್ಯ ಕೆಲಸವಿರುವ ದೇಶಕ್ಕೆ ಅರ್ಜಿ ಸಲ್ಲಿಸಬೇಕೇ ಹೊರತು ಬೇಗ ಸಮಯ ಸಿಗುವ ದೇಶಕ್ಕಲ್ಲ. ವಯಸ್ಕರ ಶುಲ್ಕ 2024ರ ಜೂನ್ 11ರಿಂದ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷಗಳೊಳಗೆ ನೀಡಿದ್ದಾಗಿದ್ದು, ಷೆಂಗೆನ್ ಪ್ರದೇಶದಿಂದ ಹೊರಡುವ ದಿನದ ನಂತರ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಎರಡು ಖಾಲಿ ಪುಟಗಳಿರಬೇಕು.

ಅಮೆರಿಕ: ವ್ಯವಹಾರದ ಭೇಟಿಗೆ ಬಿ-1 ವೀಸಾ. ಡಿಎಸ್-160 ನಮೂನೆಯನ್ನು ಅಂತರ್ಜಾಲದಲ್ಲಿ ಭರ್ತಿ ಮಾಡಿ, ಅರ್ಜಿ ಶುಲ್ಕ ಪಾವತಿಸಿ, ಸಂದರ್ಶನಕ್ಕೆ ಹಾಜರಾಗಬೇಕು. ಸಂದರ್ಶನದ ದಿನಾಂಕ ದೊರೆಯಲು ತಿಂಗಳುಗಳೇ ಹಿಡಿಯಬಹುದು.

ಬ್ರಿಟನ್: ವ್ಯವಹಾರ ಮತ್ತು ಪ್ರವಾಸ ಎರಡಕ್ಕೂ ಸಾಮಾನ್ಯ ಸಂದರ್ಶಕ ವೀಸಾ ಅನ್ವಯಿಸುತ್ತದೆ. ಬ್ರಿಟನ್ ಷೆಂಗೆನ್ ವ್ಯವಸ್ಥೆಗೆ ಸೇರಿರುವುದಿಲ್ಲವಾದ್ದರಿಂದ ಒಂದರ ವೀಸಾ ಇನ್ನೊಂದಕ್ಕೆ ಆಗುವುದಿಲ್ಲ.

ಮಾರ್ಗಮಧ್ಯದಲ್ಲಿ ವಿಮಾನ ಬದಲಿಸುವ ದೇಶವು ಪ್ರತ್ಯೇಕ ಸಂಚಾರ ವೀಸಾ ಕೇಳುವುದೇ ಎಂಬುದನ್ನು ಟಿಕೆಟು ಕೊಳ್ಳುವ ಮೊದಲೇ ವಿಚಾರಿಸುವುದು.

7. ಕಾಲಾವಕಾಶ

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಸಲ್ಲಿಸಬಹುದು. ಹದಿನೈದು ದಿನಗಳಿಗಿಂತ ತಡ ಮಾಡುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಬೇಕು. ಕೆಲವು ಪ್ರಕರಣಗಳಲ್ಲಿ ಇದು 45 ದಿನಗಳವರೆಗೆ ಹೋಗಬಹುದು.

ಯಲ್ಲಾಪುರದ ಮೆಣಸು ಬೆಳೆಗಾರರೊಬ್ಬರು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಫೆಬ್ರವರಿಯಲ್ಲಿ ನಡೆಯುವ ಸಾವಯವ ಉತ್ಪನ್ನಗಳ ಬಯೋಫಾಕ್ ಮೇಳಕ್ಕೆ ಹೋಗಬೇಕೆಂದು ಭಾವಿಸೋಣ. ಬೆರಳಚ್ಚು ನೀಡಲು ಅವರು ಖುದ್ದಾಗಿ ಬೆಂಗಳೂರಿಗೆ ಹೋಗಬೇಕು. ರಾತ್ರಿ ಬಸ್ಸಿನಲ್ಲಿ ಹೋಗಿ ಬರಲು ಎರಡು ದಿನ ಬೇಕಾಗುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳು ಅಡಿಕೆ ಕೊನೆ ಕೊಯ್ಲಿನ ದಿನಗಳು. ಆಗ ಕಾಗದಪತ್ರ ಕೂಡಿಸಲು ತೊಡಗಿದರೆ ತೋಟದ ಕೆಲಸವೂ ಕೆಡುತ್ತದೆ, ವೀಸಾ ಕೂಡ ತಪ್ಪುತ್ತದೆ. ಅವರು ದಾಖಲೆಗಳನ್ನು ಸೆಪ್ಟೆಂಬರಿನಲ್ಲಿ ಸಿದ್ಧಪಡಿಸಿ, ಅಕ್ಟೋಬರ್ ಅಥವಾ ನವೆಂಬರ್ ಆರಂಭದಲ್ಲಿ ಅರ್ಜಿ ಸಲ್ಲಿಸುವುದು ಸೂಕ್ತ. ಒಮ್ಮೆ ನೀಡಿದ ಬೆರಳಚ್ಚನ್ನು 59 ತಿಂಗಳೊಳಗಿನ ಮುಂದಿನ ಷೆಂಗೆನ್ ಅರ್ಜಿಗಳಿಗೂ ಬಳಸಿಕೊಳ್ಳಲಾಗುತ್ತದೆ.

8. ಅಡಿಕೆಯ ಮಾದರಿಗಳನ್ನು ಕೊಂಡೊಯ್ಯುವವರಿಗೆ ಎಚ್ಚರಿಕೆ

ನಮ್ಮಲ್ಲಿ ಮಂಗಳಕಾರ್ಯಗಳಿಗೆಲ್ಲ ಬೇಕಾದ ಅಡಿಕೆಯು ಹೊರದೇಶಗಳಲ್ಲಿ ನಿರ್ಬಂಧಿತ ವಸ್ತುವಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿದೆ. ಆಸ್ಟ್ರೇಲಿಯದಲ್ಲಿ ಅಡಿಕೆಯ ಮೇಲೆ ಕಟ್ಟುನಿಟ್ಟಿನ ನಿರ್ಬಂಧವಿದೆ. ದುಬೈ ಸುಂಕ ಇಲಾಖೆಯ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ವೀಳ್ಯದೆಲೆ ಮತ್ತು ಪಾನ್ ಪದಾರ್ಥಗಳಿವೆ. ವೀಸಾ ಸರಿಯಿದ್ದರೂ ಚೀಲದಲ್ಲಿರುವ ಒಂದು ಪೊಟ್ಟಣದಿಂದ ತೊಂದರೆಗೊಳಗಾಗಬಹುದು.

ಆದುದರಿಂದ ಮಾದರಿಯನ್ನು ಸ್ವೀಕರಿಸಬಹುದೇ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೇ ಎಂಬುದನ್ನು ಆಹ್ವಾನಿಸಿದ ಸಂಸ್ಥೆಯಿಂದ ಲಿಖಿತವಾಗಿ ತಿಳಿದುಕೊಳ್ಳತಕ್ಕದ್ದು. ಉತ್ತರ ಬಾರದಿದ್ದಲ್ಲಿ ಮಾದರಿಯ ಬದಲು ಛಾಯಾಚಿತ್ರ ಹಾಗೂ ಪರೀಕ್ಷಾ ವರದಿಯನ್ನು ಕೊಂಡೊಯ್ಯುವುದು ಕ್ಷೇಮ. ಬಾಯಿಗೆ ಹಾಕಿಕೊಳ್ಳುವ ಕವಳದ ಸಂಚಿಯನ್ನೂ ಊರಿನಲ್ಲಿಯೇ ಬಿಟ್ಟು ಹೋಗುವುದು ಒಳ್ಳೆಯದು.

9. ಮಧ್ಯವರ್ತಿಗಳು ಮತ್ತು ನಿರಾಕರಣೆ

ಅರ್ಜಿ ಭರ್ತಿ ಮಾಡಲು ಇತರರ ನೆರವು ಪಡೆಯಬಹುದು. ಆದರೆ ಅದರಲ್ಲಿರುವ ಪ್ರತಿಯೊಂದು ಮಾತಿಗೂ ಸಹಿ ಮಾಡಿದ ಅರ್ಜಿದಾರರೇ ಹೊಣೆ. ಇಂಗ್ಲಿಷ್ ಬಾರದವರು ಅರ್ಜಿಯನ್ನು ಕನ್ನಡದಲ್ಲಿ ಓದಿಸಿ ಕೇಳಿದ ನಂತರವೇ ಸಹಿ ಮಾಡತಕ್ಕದ್ದು. ಮಧ್ಯವರ್ತಿಯು ಲಗತ್ತಿಸಿದ ಸುಳ್ಳು ದಾಖಲೆಯಿಂದ ಬ್ರಿಟನ್ನಿಗೆ ಹತ್ತು ವರ್ಷಗಳ ಕಾಲ ಪ್ರವೇಶ ನಿರ್ಬಂಧ ಉಂಟಾಗಬಹುದು. ಅಮೆರಿಕದಲ್ಲಿ ಶಾಶ್ವತ ಅನರ್ಹತೆಯೂ ಬರಬಹುದು. 'ವೀಸಾ ಖಾತರಿ' ಎಂದು ಹೇಳುವವರನ್ನು ನಂಬಬಾರದು.

ವೀಸಾ ನಿರಾಕರಿಸಲ್ಪಟ್ಟಲ್ಲಿ ಶುಲ್ಕ ಹಿಂದಿರುಗಿಸಲಾಗುವುದಿಲ್ಲ. ಷೆಂಗೆನ್ ದೇಶಗಳು ನಿರಾಕರಣೆಯ ಕಾರಣವನ್ನು ಲಿಖಿತವಾಗಿ ನೀಡುತ್ತವೆ. ಕೊರತೆಯನ್ನು ಸರಿಪಡಿಸಿ ಪುನಃ ಅರ್ಜಿ ಸಲ್ಲಿಸಬಹುದು. ಹಿಂದೆ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆಗೆ ಇದ್ದುದನ್ನು ಇದ್ದಂತೆ ಬರೆಯತಕ್ಕದ್ದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೇಳ ಮುಗಿದ ಬಳಿಕ ಎರಡು ದಿನ ಊರು ನೋಡಬಹುದೇ?
ಉತ್ತರ: ವೀಸಾದ ಅವಧಿಯೊಳಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆ ದಿನಗಳನ್ನು ಪ್ರಯಾಣದ ವಿವರದಲ್ಲಿ ಕಾಣಿಸುವುದು.

ಪ್ರಶ್ನೆ: ಪತ್ನಿಯೂ ಜೊತೆಯಲ್ಲಿ ಬರುವವರಿದ್ದಾರೆ. ಅವರಿಗೂ ವ್ಯವಹಾರ ವೀಸಾ ಬೇಕೇ?
ಉತ್ತರ: ಅವರು ಪ್ರತ್ಯೇಕ ಅರ್ಜಿ ಸಲ್ಲಿಸಬೇಕು. ಮೇಳದ ಕೆಲಸದಲ್ಲಿ ಪಾಲುಗೊಳ್ಳದಿದ್ದಲ್ಲಿ ಪ್ರವಾಸದ ಉದ್ದೇಶವೆಂದು ಬರೆಯುವುದು.

ಪ್ರಶ್ನೆ: ಎಷ್ಟು ವಿದೇಶಿ ನಗದು ಕೊಂಡೊಯ್ಯಬಹುದು?
ಉತ್ತರ: ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಅಮೆರಿಕನ್ ಡಾಲರ್‌ವರೆಗೆ ನೋಟುಗಳ ರೂಪದಲ್ಲಿ. ಉಳಿದುದನ್ನು ಬ್ಯಾಂಕಿನ ಪ್ರಯಾಣ ಕಾರ್ಡಿನಲ್ಲಿ ಇರಿಸಬಹುದು.

ಪ್ರಶ್ನೆ: ನೇಪಾಳಕ್ಕೆ ವೀಸಾ ಬೇಕೇ?
ಉತ್ತರ: ಭಾರತೀಯ ನಾಗರಿಕರಿಗೆ ಅಗತ್ಯವಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಜೊತೆಯಲ್ಲಿರತಕ್ಕದ್ದು.

ಸೂಚನೆ: ಶುಲ್ಕ ಮತ್ತು ನಿಯಮಗಳು ಆಗಾಗ್ಗೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ರಾಯಭಾರ ಕಚೇರಿಯ ಜಾಲತಾಣವನ್ನು ಪರಿಶೀಲಿಸಲು ಕೋರಲಾಗಿದೆ. ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ.