ರೈಲಿನಡಿ ಸಿಕ್ಕಿದ ಗುರುಪರಂಪರೆ

ನಿಂತ ರೈಲಿನ ಅಡಿಯಲ್ಲಿ, ಗಾಲಿಗಳ ನಡುವಿನ ಆ ಇಕ್ಕಟ್ಟಿನಲ್ಲಿ, ಇಬ್ಬರು ಗಂಡಸರು ಕುಕ್ಕರುಗಾಲಲ್ಲೇ ಕಾದಾಡುತ್ತಿದ್ದಾರೆ. ಒಬ್ಬರ ಕೈಯಲ್ಲಿ ಈಟಿ, ಇನ್ನೊಬ್ಬರ ಕೈಯಲ್ಲಿ ಕತ್ತಿ. ತಲೆ ಎತ್ತಿದರೆ ಕಬ್ಬಿಣ, ಪಕ್ಕಕ್ಕೆ ಸರಿದರೆ ಗಾಲಿ, ಆದರೂ ಒಂದು ಏಟೂ ಗಾಳಿಗೆ ಹೋಗುತ್ತಿಲ್ಲ. ಒಬ್ಬಾತ ಜಾಕಿ ಚಾನ್. ಇನ್ನೊಬ್ಬರು ಅವನಿಗಿಂತ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿರಿಯರು. ಆ ಹಿರಿಯರು ಯಾರು ಅಂತ ಹುಡುಕಹೊರಟವನಿಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ!

ಅವರು ಲಾವ್ ಕಾರ್ ಲಿಯಾಂಗ್, ಆ ಸಿನಿಮಾದ ನಿರ್ದೇಶಕರೇ. ಸಿನಿಮಾ 1994ರ ‘ಡ್ರಂಕನ್ ಮಾಸ್ಟರ್ 2’. ಜಾಕಿ ಮಾಡುತ್ತಿರುವ ಪಾತ್ರದ ಹೆಸರು ವಾಂಗ್ ಫೈ ಹುಂಗ್. ಇದು ಕಥೆಗಾರ ಕಟ್ಟಿದ ಹೆಸರಲ್ಲ. 1847ರಲ್ಲಿ ದಕ್ಷಿಣ ಚೀನಾದ ಫೋಶಾನ್‌ನಲ್ಲಿ ಹುಟ್ಟಿದ, ‘ಪೊ ಚಿ ಲಾಮ್’ ಎಂಬ ಔಷಧಾಲಯ ನಡೆಸಿದ, ಹುಂಗ್ ಗಾರ್ ಪಂಥದ ಕುಂಗ್‌ಫು ಕಲಿಸಿದ, ಮೂಳೆ ಮುರಿಯಲೂ ಬಲ್ಲ ಕೂಡಿಸಲೂ ಬಲ್ಲ ನಿಜವಾದ ಮನುಷ್ಯ. ಅವನ ಶಿಷ್ಯ ಲ್ಯಾಮ್ ಸಾಯ್ ವಿಂಗ್, ಹಂದಿಮಾಂಸದ ಅಂಗಡಿಯವನು. ಲ್ಯಾಮ್‌ನ ಶಿಷ್ಯ ಲಾವ್ ಚಾಮ್. ಆ ಲಾವ್ ಚಾಮ್ ಅವರ ಮಗನೇ ಈ ಲಾವ್ ಕಾರ್ ಲಿಯಾಂಗ್. ಅಂದರೆ ರೈಲಿನಡಿಯಲ್ಲಿ ಏನಾಗುತ್ತಿದೆ ನೋಡಿ: ಒಬ್ಬ ಹಿರಿಯ, ತನ್ನ ಅಪ್ಪನ ಗುರುವಿನ ಗುರುವಿನ ಮೇಲೆಯೇ ಕೈ ಮಾಡುತ್ತಿದ್ದಾನೆ, ಅದೂ ಆ ಮುತ್ತಜ್ಜಗುರು ಇನ್ನೂ ಬಲಿಯದ ತರಲೆ ಹುಡುಗನಾಗಿದ್ದಾಗ!

ಎರಡನೆಯ ಭಾಗ ಮೊದಲನೆಯದಕ್ಕೆ ಸಾಟಿಯಾಗುತ್ತದೆಯೇ ಅನ್ನುವುದು ಸಿನಿಮಾ ನೋಡುವವರ ಮಾಮೂಲಿ ಪ್ರಶ್ನೆ. ಇಲ್ಲಿ ಆ ಪ್ರಶ್ನೆಗೆ ರೆಂಬೆ ಕೊಂಬೆಗಳು ಒಡೆಯುತ್ತವೆ. ಯಾಕೆಂದರೆ ಈ ಸಿನಿಮಾಕ್ಕಿರುವ ಹಿರಿಯರು ಒಬ್ಬಿಬ್ಬರಲ್ಲ.

1949ರಿಂದ ಶುರುಮಾಡಿ. ಆ ವರ್ಷ ಹಾಂಗ್‌ಕಾಂಗ್‌ನಲ್ಲಿ ಕ್ವಾನ್ ಟಾಕ್ ಹಿಂಗ್ ಎಂಬ ನಟ ವಾಂಗ್ ಫೈ ಹುಂಗ್ ಆಗಿ ತೆರೆಗೆ ಬಂದರು. ಬಂದವರು ಹೋಗಲೇ ಇಲ್ಲ, 70ಕ್ಕೂ ಹೆಚ್ಚು ಚಿತ್ರಗಳಲ್ಲಿ ಅದೇ ಪಾತ್ರ! ಬೆನ್ನು ನೆಟ್ಟಗೆ, ಮಾತು ತೂಕಕ್ಕೆ, ಮೊದಲು ನೀತಿ ಆಮೇಲೆ ಏಟು. ಆ ಚಿತ್ರಗಳಲ್ಲಿ ಲಾವ್ ಚಾಮ್ ಕೂಡ ನಟಿಸುತ್ತಿದ್ದರು. ಯಾವ ಪಾತ್ರ ಅಂತೀರಿ? ತಮ್ಮ ಸ್ವಂತ ಗುರು ಲ್ಯಾಮ್ ಸಾಯ್ ವಿಂಗ್ ಪಾತ್ರ! ಮಗ ಕಾರ್ ಲಿಯಾಂಗ್ ಅದೇ ಸೆಟ್ಟುಗಳಲ್ಲಿ ಜಂಗುಳಿಯ ನಡುವೆ ನಿಂತು, ಬಿದ್ದು, ಎದ್ದು ಕೆಲಸ ಕಲಿತರು. ಮನೆತನದ ಇತಿಹಾಸವೇ ಸಿನಿಮಾ ಆಗಿ, ಆ ಸಿನಿಮಾದಲ್ಲೇ ಮನೆಮಂದಿ ದುಡಿದು ಉಂಡ ಇಂಥ ಇನ್ನೊಂದು ಕಥೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆಮೇಲೆ 1978 ಬಂತು. ಯುಯೆನ್ ವೂ ಪಿಂಗ್ ಎಂಬ ಯುವ ನಿರ್ದೇಶಕ, ಇನ್ನೂ ಹೆಸರು ಮಾಡಬೇಕಿದ್ದ ಜಾಕಿ ಚಾನ್. ಅದೇ ವರ್ಷ ಮೊದಲು ‘ಸ್ನೇಕ್ ಇನ್ ದಿ ಈಗಲ್ಸ್ ಶ್ಯಾಡೋ’ ಮಾಡಿ ಗೆದ್ದ ಜೋಡಿ, ಹಿಂದೆಯೇ ‘ಡ್ರಂಕನ್ ಮಾಸ್ಟರ್’ ಮಾಡಿತು. ಪೂಜ್ಯ ವಾಂಗ್ ಫೈ ಹುಂಗ್ ಇಲ್ಲಿ ಸೋಮಾರಿ, ಕಿಡಿಗೇಡಿ, ಅಪ್ಪನ ತಲೆನೋವು! ಅವನನ್ನು ಬಗ್ಗಿಸಿ ಕಲಿಸುವವನು ಸೋ ಎಂಬ ಭಿಕ್ಷುಕ, ಕೆಂಪು ಮೂಗಿನ ಕುಡುಕ. ಆ ಪಾತ್ರ ಮಾಡಿದ ಯುಯೆನ್ ಸಿಯು ಟಿಯೆನ್ ನಿರ್ದೇಶಕರ ತಂದೆ. ನೋಡಿ, ಅಲ್ಲೂ ಅಪ್ಪ-ಮಗನದೇ ಕಸುಬು. ಹುಡುಗ ತಲೆಕೆಳಗಾಗಿ ನೇತಾಡುತ್ತಾನೆ, ಪುಟ್ಟ ಬಟ್ಟಲಲ್ಲಿ ಕೆಳಗಿನ ನೀರು ಮೊಗೆದು, ಹೊಟ್ಟೆಯ ಬಲದಿಂದ ಮೇಲೆದ್ದು, ಮೇಲಿನ ಪಾತ್ರೆಗೆ ಸುರಿಯುತ್ತಾನೆ, ಮತ್ತೆ ಕೆಳಗೆ, ಮತ್ತೆ ಮೇಲೆ. ಬೆರಳಲ್ಲೇ ಅಕ್ರೋಟು ಒಡೆಯುತ್ತಾನೆ. ನೋಡುವವನ ಹೊಟ್ಟೆಯೂ ಬಿಗಿಯುತ್ತದೆ. ಎಂಟು ಕುಡುಕ ದೇವತೆಗಳ ಎಂಟು ಭಂಗಿಗಳಲ್ಲಿ ಏಳನ್ನು ಕಲಿತು, ಎಂಟನೆಯದು ಹೆಣ್ಣುದೇವತೆಯದು ಅಂತ ಮೂಗು ಮುರಿದು, ಕೊನೆಗೆ ಒದೆತದ ರಾಕ್ಷಸ ಹ್ವಾಂಗ್ ಜಾಂಗ್ ಲೀ ಎದುರು ಅದೇ ಎಂಟನೆಯದನ್ನು ನಿಂತಲ್ಲೇ ಹೊಸೆಯುತ್ತಾನೆ!

ಈ ಚಿತ್ರದ ಹಿಂದಿದ್ದ ವಿದ್ಯೆ ಗರಡಿಯದಲ್ಲ, ರಂಗದ್ದು. ಜಾಕಿ ಬಾಲ್ಯದಿಂದ ಹತ್ತು ವರ್ಷ ಬೆಂದದ್ದು ಯು ಜಿಮ್ ಯುಯೆನ್ ಎಂಬ ಗುರುವಿನ ಪೀಕಿಂಗ್ ಒಪೆರಾ ಶಾಲೆಯಲ್ಲಿ. ಲಾಗ, ಪಲ್ಟಿ, ಮುಖದ ಭಾವ, ತಾಳಕ್ಕೆ ಸರಿಯಾದ ಹೆಜ್ಜೆ, ತಪ್ಪಿದರೆ ಬೆತ್ತ. ಲಾವ್ ಮನೆತನದ್ದು ಇನ್ನೊಂದು ಹೊಳೆ. ಅಲ್ಲಿ ಏಟಿಗೆ ಅರ್ಥವಿರಬೇಕು, ನಿಲುವಿಗೆ ಬೇರಿರಬೇಕು. 1978ರಲ್ಲೇ ಲಾವ್ ಕಾರ್ ಲಿಯಾಂಗ್ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’ ಕೊಟ್ಟಿದ್ದರು. ಅದಕ್ಕೂ ಎರಡು ವರ್ಷ ಮೊದಲು ‘ಚಾಲೆಂಜ್ ಆಫ್ ದಿ ಮಾಸ್ಟರ್ಸ್’ನಲ್ಲಿ ಹರೆಯದ ವಾಂಗ್ ಫೈ ಹುಂಗ್‌ನ ಕಥೆಯನ್ನು ಭಯಭಕ್ತಿಯಿಂದ ಹೇಳಿದ್ದರು.

1978ರಿಂದ ಹದಿನಾರು ವರ್ಷಗಳ ನಂತರ ಎರಡೂ ಹೊಳೆಗಳು ಒಂದೇ ಪಾತ್ರಕ್ಕೆ ಹರಿದವು! ಗುರುವನ್ನು ಗೇಲಿ ಮಾಡಿದ ಚಿತ್ರದ ಮುಂದಿನ ಭಾಗವನ್ನು ಮಾಡಿಕೊಡಲು ಕರೆ ಬಂದದ್ದು ಆ ಗುರುವಿನ ವಂಶದ ಶಿಷ್ಯನಿಗೇ. ಹೊತ್ತೂ ಎಂಥದ್ದು ನೋಡಿ. 1991ರಲ್ಲಿ ತ್ಸುಯಿ ಹಾರ್ಕ್ ‘ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ’ದಲ್ಲಿ ಜೆಟ್ ಲೀಯನ್ನು ಇದೇ ವಾಂಗ್ ಫೈ ಹುಂಗ್ ಆಗಿ ಹಾರಿಸಿ, ಹಾಂಗ್‌ಕಾಂಗ್ ಚಿತ್ರರಂಗದಲ್ಲಿ ಎಲ್ಲರೂ ತಂತಿ ಕಟ್ಟಿಕೊಂಡು ಆಕಾಶಕ್ಕೇರಿದ್ದ ಕಾಲ. ಲಾವ್ ಏನು ಮಾಡಿದರು? ತಮ್ಮ ನಾಯಕನನ್ನು ಹಿಡಿದು ರೈಲಿನ ಅಡಿಗೆ ತಳ್ಳಿದರು! ಹಾರುವುದಿರಲಿ, ನೆಟ್ಟಗೆ ನಿಲ್ಲಲೂ ಜಾಗವಿಲ್ಲದ ಕಡೆ ಕೈಚಳಕ ತೋರಿಸು ಅಂದರು. ಇದಕ್ಕಿಂತ ಸೊಗಸಾದ ಉತ್ತರ ಉಂಟೇ?

ಕಥೆ ಸರಳ. ಸುಂಕ ತಪ್ಪಿಸಲು ಜಿನ್ಸೆಂಗ್ ಬೇರನ್ನು ಬ್ರಿಟಿಷ್ ರಾಯಭಾರ ಕಚೇರಿಯವರ ಸಾಮಾನಿನಲ್ಲಿ ಬಚ್ಚಿಡುತ್ತಾನೆ ಹುಡುಗ. ಗಂಟು ಅದಲುಬದಲಾಗಿ ಕೈಗೆ ಬರುವುದು ಚಕ್ರವರ್ತಿಯ ಮುದ್ರೆ. ದೇಶದ ಹಳೆಯ ಸಿರಿಯನ್ನು ಕದ್ದು ಸಾಗಿಸುವ ಜಾಲ, ಉಕ್ಕಿನ ಕಾರ್ಖಾನೆ, ದಬ್ಬಾಳಿಕೆಯ ಮೇಸ್ತ್ರಿಗಳು. ಇದನ್ನೆಲ್ಲ ಬೇಗ ದಾಟಬಹುದು. ದಾಟಲಾಗದ್ದು ಮನೆಯೊಳಗಿನ ಆಟ. ಅಪ್ಪನ ಪಾತ್ರದಲ್ಲಿ ಟಿ ಲುಂಗ್, ಜಾಕಿಗಿಂತ ಹಿರಿಯರಾದದ್ದು ಬರೀ ಎಂಟು ವರ್ಷ. ಮಲತಾಯಿಯಾಗಿ ಅನಿಟಾ ಮುಯಿ, ಜಾಕಿಗಿಂತ ಒಂಬತ್ತು ವರ್ಷ ಚಿಕ್ಕವರು! ಲೆಕ್ಕ ಹಾಕಿದರೆ ನಗು ಬರುತ್ತದೆ, ನೋಡುವಾಗ ಲೆಕ್ಕ ಮರೆತೇಹೋಗುತ್ತದೆ. ಅನಿಟಾ ಮುಯಿ ಕ್ಯಾಂಟನೀಸ್ ಹಾಡುಗಳ ರಾಣಿ. ಇಲ್ಲಿ ಗಂಡನ ಬೆನ್ನ ಹಿಂದೆ ಮಾಜಾಂಗ್ ಆಡುವ, ಬೇಕೆಂದಾಗ ಕಣ್ಣೀರು ಸುರಿಸುವ, ಮಗನಿಗೆ ಬಾಟಲಿ ಎಸೆದು ಹುರಿದುಂಬಿಸುವ ಆ ಹೆಂಗಸು ಬಂದಾಗೆಲ್ಲ ಚಿತ್ರ ಅವಳದಾಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲ ಭಾಗದಲ್ಲಿ ಇಂಥ ಒಂದು ಹೆಣ್ಣುಪಾತ್ರವೂ ಇಲ್ಲ.

ಆದರೆ ಒಂದು ಕೊರತೆ ಎದ್ದು ಕಾಣುತ್ತದೆ, ಅಭಿಮಾನದಿಂದ ಅದನ್ನು ಮುಚ್ಚಲಾರೆ. ಇಲ್ಲಿ ಭಿಕ್ಷುಕ ಸೋ ಇಲ್ಲ. ಯುಯೆನ್ ಸಿಯು ಟಿಯೆನ್ 1979ರ ಜನವರಿಯಲ್ಲೇ ತೀರಿಕೊಂಡಿದ್ದರು. ಅವರೊಂದಿಗೆ ಕಲಿಕೆಯ ಕಥೆಯೂ ಹೋಯಿತು. ಮೊದಲ ಚಿತ್ರ ಕಲಿಯುವುದರ ಕಥೆ. ಬಾರದ ವಿದ್ಯೆ ಕಣ್ಣೆದುರೇ ಮೈಗೆ ಹತ್ತುವುದನ್ನು ನೋಡುವ ಸುಖ ಅದರಲ್ಲಿದೆ. ಎರಡನೆಯದರಲ್ಲಿ ವಿದ್ಯೆ ಮೊದಲೇ ಬಂದಿದೆ, ಬಳಸಬೇಡ ಅನ್ನುವುದೇ ಅಪ್ಪನ ಕಟ್ಟಳೆ. ನೀರು ದೋಣಿಯನ್ನು ತೇಲಿಸಲೂಬಹುದು ಮುಳುಗಿಸಲೂಬಹುದು ಎಂಬಂತೆ, ಕುಡಿತ ಏಟಿಗೆ ಬಲ ಕೊಡುತ್ತದೆ, ಒಂದು ಗುಟುಕು ಹೆಚ್ಚಾದರೆ ಬುದ್ಧಿಯನ್ನೇ ಒಯ್ಯುತ್ತದೆ. ಮಾತು ಮೀರಿ ಕುಡಿದ ಮಗ ಊರೆದುರು ಬೆತ್ತಲಾಗಿ ತೂಗುವ ಗತಿಗೆ ಬರುತ್ತಾನೆ. ಈ ತಿರುವು ಚಿತ್ರವನ್ನು ಗಟ್ಟಿಮಾಡುತ್ತದೆ, ನಿಜ. ಆದರೂ ತಲೆಕೆಳಗಾಗಿ ನೀರು ಮೊಗೆದ ಆ ಹುಡುಗನ ಮೇಲೆ ಹುಟ್ಟಿದ ಮಮತೆ ನಲವತ್ತರ ಹೊಸ್ತಿಲಲ್ಲಿ ನಿಂತು ಪೋರನಂತೆ ಕುಣಿಯುವ ಜಾಕಿಯ ಮೇಲೆ ಅಷ್ಟು ಬೇಗ ಹುಟ್ಟುವುದಿಲ್ಲ.

ಹೊಡೆದಾಟ ಶುರುವಾಗಲಿ ಮಾತ್ರ, ದೂರುಗಳೆಲ್ಲ ಗಾಳಿಗೆ! ಚಹಾದ ಅಂಗಡಿಯ ಮಾಳಿಗೆಯಲ್ಲಿ ಜಾಕಿ ಮತ್ತು ಲಾವ್ ಮಾತಾಡುತ್ತ ಕೂತಿರುವಾಗ ಕೊಡಲಿ ಹಿಡಿದ ಗುಂಪು ನುಗ್ಗುತ್ತದೆ. ಒಬ್ಬರಲ್ಲ ಹತ್ತಲ್ಲ, ಮೆಟ್ಟಿಲ ತುಂಬ, ಕಿಟಕಿಯ ತುಂಬ, ಬೀದಿಯ ತುಂಬ. ಬೆಂಚು ಗುರಾಣಿಯಾಗುತ್ತದೆ, ಮೇಜು ಗೋಡೆಯಾಗುತ್ತದೆ. ಜಾಕಿಯ ಕೈಗೆ ಒಂದು ಬಿದಿರ ಗಳ ಸಿಗುತ್ತದೆ. ಅದರ ತುದಿ ಏಟು ತಿಂದು ತಿಂದು ಸೀಳಿ ಸಿಬಿರು ಸಿಬಿರಾದಂತೆ ಹೊಸ ಆಯುಧವೇ ಹುಟ್ಟುತ್ತದೆ, ಮುಖ ತರಚುತ್ತದೆ, ಕೊಡಲಿ ಹಿಡಿದ ಕೈಗಳನ್ನು ಸಿಕ್ಕಿಸುತ್ತದೆ! ಗಮನವಿಟ್ಟು ನೋಡಿ, ಇಡೀ ಗಲಾಟೆಯಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದು ಒಂದು ಕ್ಷಣವೂ ಕಣ್ಣಿಗೆ ತಪ್ಪುವುದಿಲ್ಲ. ಅದು ಲಾವ್ ಅವರ ಕಸುಬು. ಕ್ಯಾಮೆರಾ ಹಿಂದೆ ನಿಲ್ಲುತ್ತದೆ, ಮೈ ಪೂರ್ತಿ ಕಾಣುತ್ತದೆ, ಮೋಸಕ್ಕೆ ಎಡೆಯೇ ಇಲ್ಲ.

ಆಮೇಲೆ ಆದದ್ದು ತೆರೆಯ ಹಿಂದಿನ ಕಾಳಗ. ಏಟು ಹೇಗಿರಬೇಕು ಅನ್ನುವುದರಲ್ಲೇ ಲಾವ್‌ಗೂ ಜಾಕಿಗೂ ಹೊಂದಲಿಲ್ಲ. ಒಬ್ಬರಿಗೆ ಪಂಥದ ಶುದ್ಧಿ ಬೇಕು, ಇನ್ನೊಬ್ಬರಿಗೆ ವೇಗ, ಅಪಾಯ, ನೋಡುಗನ ಚೀತ್ಕಾರ ಬೇಕು. ಚಿತ್ರ ಮುಗಿಯುವ ಮೊದಲೇ ಲಾವ್ ಹೊರನಡೆದರು. ಕೊನೆಯ ಹೋರಾಟವನ್ನು ಜಾಕಿ ತಾವೇ ತಮ್ಮ ಸಾಹಸ ತಂಡದೊಡನೆ ಕಟ್ಟಿದರು. ಮತ್ತು, ಅಯ್ಯೋ, ಎಂಥ ಕೊನೆ! ಉಕ್ಕಿನ ಕಾರ್ಖಾನೆ. ಎದುರಾಳಿ ಕೆನ್ ಲೋ, ನಿಜಜೀವನದಲ್ಲಿ ಜಾಕಿಯ ಅಂಗರಕ್ಷಕನಾಗಿದ್ದವನು. ಒಂದು ಕಾಲನ್ನು ಎತ್ತಿದರೆ ಇಳಿಸುವುದೇ ಇಲ್ಲ ಆತ, ಅದೇ ಕಾಲಲ್ಲಿ ಮುಖ, ಎದೆ, ಮಂಡಿ, ಮತ್ತೆ ಮುಖ! ಹದಿನಾರು ವರ್ಷದ ಹಿಂದಿನ ಹ್ವಾಂಗ್ ಜಾಂಗ್ ಲೀಯ ಕಾಲು ಮರುಹುಟ್ಟು ಪಡೆದು ಬಂದಂತಿದೆ. ಜಾಕಿ ಕೆಂಡದ ಹಾಸಿನ ಮೇಲೆ ಬೀಳುತ್ತಾನೆ, ಬೆನ್ನಡಿ ಕೈಯೂರಿ ಏಡಿಯಂತೆ ಸರಸರ ಹಿಂದೆ ಸರಿಯುತ್ತಾನೆ. ಕೆಂಡ ನಿಜವಾದ ಕೆಂಡ, ಸರಿದವರು ಸ್ವತಃ ಜಾಕಿ. ಕೊನೆಗೆ ಕಾರ್ಖಾನೆಯ ಸ್ಪಿರಿಟನ್ನೇ ಗಟಗಟ ಕುಡಿದು, ಮುಖ ಕೆಂಪೇರಿ, ಬಾಯಲ್ಲಿ ಗುಳ್ಳೆ ಬಂದು, ಮೈಯಲ್ಲಿ ಮೂಳೆಯೇ ಇಲ್ಲದವನಂತೆ ತೂರಾಡುತ್ತ ಅವನು ತಿರುಗಿ ಹೊಡೆಯತೊಡಗಿದಾಗ, ಇದು ನಟನೆಯೋ ಕುಣಿತವೋ ಕಾಳಗವೋ ಹೇಳಲು ಬಾರದು. ಚಿತ್ರ ಮುಗಿದ ಮೇಲೂ ನನ್ನ ಕೈ ಮುಷ್ಟಿ ಕಟ್ಟಿಯೇ ಇತ್ತು.

ನನ್ನನ್ನು ಬೆರಗಾಗಿಸಿದ್ದು ಇದು: ಜಗಳವಾಗದಿದ್ದರೆ ಈ ಚಿತ್ರ ಇಷ್ಟು ದೊಡ್ಡದಾಗುತ್ತಿತ್ತೇ? ರೈಲಿನಡಿಯ ಕಾಳಗದಲ್ಲಿ ವಂಶದ ವಿದ್ಯೆ, ಕೆಂಡದ ಮೇಲಿನ ಕಾಳಗದಲ್ಲಿ ರಂಗದ ಹುಚ್ಚು. ಒಬ್ಬರೇ ಇದ್ದಿದ್ದರೆ ಒಂದೇ ಸಿಗುತ್ತಿತ್ತು. ಇದು ಬರೀ ಊಹೆಯಲ್ಲ, ಪರೀಕ್ಷೆಯೂ ನಡೆದುಹೋಗಿದೆ! ಹೊರನಡೆದ ಲಾವ್ ಅದೇ ವರ್ಷ ‘ಡ್ರಂಕನ್ ಮಾಸ್ಟರ್ 3’ ಮಾಡಿದರು. ಜಾಕಿ ಇಲ್ಲ, ವಿಲ್ಲಿ ಚಿ ಎಂಬ ನಟ ವಾಂಗ್ ಫೈ ಹುಂಗ್, ಜೊತೆಗೆ ಆಂಡಿ ಲಾವ್ ಅಂಥ ತಾರೆ. ಆದರೂ ಚಿತ್ರ ಏಳಲಿಲ್ಲ, ಇವತ್ತು ಹುಡುಕಿ ನೋಡುವವರು ಕೆಲವರೇ. ಹಿಂದಿನದರ ಹೆಸರು ಹೊತ್ತ ಮಾತ್ರಕ್ಕೆ ಸಾಟಿಯಾಗದ ಮುಂದಿನ ಭಾಗ ಹೇಗಿರುತ್ತದೆ ಅಂತ ತಿಳಿಯಬೇಕಿದ್ದರೆ ಅದನ್ನು ನೋಡಬೇಕು, ಅಥವಾ ನೋಡದೆ ನನ್ನ ಮಾತು ನಂಬಬೇಕು.

‘2’ ಮಾತ್ರ 1994ರ ಫೆಬ್ರವರಿಯಲ್ಲಿ, ಚೀನೀ ಹೊಸವರ್ಷದ ಹಬ್ಬಕ್ಕೆ ಬಿಡುಗಡೆಯಾಗಿ ಹಾಂಗ್‌ಕಾಂಗ್‌ನಲ್ಲೇ 4 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೂ ಹೆಚ್ಚು ಗಳಿಸಿತು. ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಸಾಹಸ ಸಂಯೋಜನೆಯ ಗೌರವ ಬಂದದ್ದು ಲಾವ್ ಕಾರ್ ಲಿಯಾಂಗ್ ಅವರಿಗೆ ಮತ್ತು ಜಾಕಿಯ ಸಾಹಸ ತಂಡಕ್ಕೆ ಒಟ್ಟಿಗೇ! ಮುನಿಸಿಕೊಂಡವರನ್ನು ಪ್ರಶಸ್ತಿಯೇ ಒಂದೇ ಪಂಕ್ತಿಯಲ್ಲಿ ಕೂರಿಸಿತು. 2005ರಲ್ಲಿ ‘ಟೈಮ್’ ಪತ್ರಿಕೆ ಸಾರ್ವಕಾಲಿಕ 100 ಚಿತ್ರಗಳ ಪಟ್ಟಿ ಮಾಡಿದಾಗ ಅದರಲ್ಲಿ ಜಾಗ ಸಿಕ್ಕಿದ್ದು ಮೊದಲನೆಯದಕ್ಕಲ್ಲ, ಈ ಎರಡನೆಯದಕ್ಕೆ.

ನೋಡುವವರಿಗೆ ಒಂದು ಕಿವಿಮಾತು. 2000ದಲ್ಲಿ ಅಮೆರಿಕದಲ್ಲಿ ‘ದಿ ಲೆಜೆಂಡ್ ಆಫ್ ಡ್ರಂಕನ್ ಮಾಸ್ಟರ್’ ಎಂಬ ಹೆಸರಲ್ಲಿ ಇಂಗ್ಲಿಷ್ ಡಬ್ಬಿಂಗ್ ಮಾಡಿ ಬಿಟ್ಟ ಪ್ರತಿಯಲ್ಲಿ ಸಂಗೀತ ಬದಲಾಗಿದೆ, ಕಟ್ಟಕಡೆಯ ದೃಶ್ಯವೂ ಇಲ್ಲ. ಸ್ಪಿರಿಟು ಕುಡಿದದ್ದರಿಂದ ನಾಯಕನಿಗೆ ಕೊನೆಗೆ ಏನಾಯಿತು ಎಂಬುದನ್ನು ಒರಟು ಹಾಸ್ಯದಲ್ಲಿ ಹೇಳುವ ದೃಶ್ಯ ಅದು, ರುಚಿಗೆ ಚೂರು ಕಹಿ, ಆದರೂ ಬೇಕು. ಕ್ಯಾಂಟನೀಸ್ ಪ್ರತಿಯನ್ನೇ ಹುಡುಕಿ. ಮೊದಲು 1978ರದ್ದು ನೋಡಿ, ನಡುವೆ ಊಟ ಮುಗಿಸಿ, ಆಮೇಲೆ 1994ರದ್ದು. ಮಕ್ಕಳಿದ್ದರೆ ಮನೆಯ ಬೆಂಚು, ಸ್ಟೂಲುಗಳನ್ನು ಮೊದಲೇ ಒಳಗಿಡಿ!