ಆಪೋಸಿಷನ್ ಅಂದರೆ ಶತ್ರುವೇ?

ಮೊಮ್ಮಗಳು ಕ್ಲಾಸ್ ಲೀಡರ್ ಚುನಾವಣೆಯಲ್ಲಿ ಸೋತು ಬಂದಿದ್ದಳು. ಗೆದ್ದ ಗೆಳತಿಯ ಜೊತೆ ಮಾತು ಬಿಟ್ಟಿದ್ದಳು. ಅಂದು ಸಂಜೆಯ ಇಂಗ್ಲಿಷ್ ಪಾಠಕ್ಕೆ ನಾನು ಚುನಾವಣೆಯ ಪದಗಳನ್ನೇ ಆರಿಸಿಕೊಂಡೆ.

‘ಕ್ಯಾಂಡಿಡೇಟ್’ ಅಂದರೆ ಅಭ್ಯರ್ಥಿ. ಲ್ಯಾಟಿನ್ ಮೂಲದಲ್ಲಿ ಬಿಳಿ ಉಡುಪು ತೊಟ್ಟವನು ಎಂದರ್ಥ. ಹಳೆಯ ರೋಮ್‌ನಲ್ಲಿ ಮತ ಕೇಳುವವರು ಬೆಳ್ಳಗಿನ ನಿಲುವಂಗಿ ಹೊದೆಯುತ್ತಿದ್ದರು. ‘ಬ್ಯಾಲಟ್’ ಅಂದರೆ ಮತಪತ್ರ. ಇಟಾಲಿಯನ್ ಮೂಲದಲ್ಲಿ ಅದು ಪುಟ್ಟ ಚೆಂಡು! ವೆನಿಸ್ ನಗರದಲ್ಲಿ ಪುಟ್ಟ ಗುಂಡು ಹಾಕಿ ಮತ ಕೊಡುತ್ತಿದ್ದರು. ಕೇಳಿ ಮೊಮ್ಮಗಳು ನಕ್ಕಳು.

“ಸರಿ, ‘ಆಪೋಸಿಷನ್’ ಅಂದರೆ?”

“ಶತ್ರು!” ಅಂದಳು ಥಟ್ಟನೆ.

“ಅಲ್ಲ ಪುಟ್ಟಿ, ವಿರೋಧ ಪಕ್ಷ. ಸರ್ಕಾರವನ್ನು ಪ್ರಶ್ನೆ ಕೇಳುವುದೇ ಅವರ ಕೆಲಸ. ಸಂಸತ್ತಿನ ವಿರೋಧ ಪಕ್ಷದ ನಾಯಕರಿಗೆ ಸಂಬಳ ಕೊಡಲು 1977ರಲ್ಲಿ ಕಾಯ್ದೆಯೇ ಆಯಿತು. ಶತ್ರುವಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಬ್ಯಾಂಕಿನಲ್ಲಿ ನಾನು ಬರೆದ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುತ್ತಿದ್ದರು. ತಪ್ಪು ಹಿಡಿದರೆ ಮುಖ ಸಣ್ಣದಾಗುತ್ತಿತ್ತು, ನಿಜ. ಆದರೆ ಗ್ರಾಹಕರ ಹಣ ಉಳಿಯುತ್ತಿತ್ತು.”

ಅವಳು ಏನೂ ಹೇಳಲಿಲ್ಲ.

ಮರುದಿನ ಹೊಸ ಲೀಡರನ್ನು ಕೇಳಿದಳಂತೆ: “ನಮ್ಮ ನಲ್ಲಿ ರಿಪೇರಿ ಯಾವಾಗ?” ಇಬ್ಬರೂ ಒಟ್ಟಿಗೇ ಟೀಚರ್ ಹತ್ತಿರ ಹೋದರಂತೆ.